ಅಳಿಸಿದ ಎರಡು ಸಾಲು: ಓದು ದೊಡ್ಡದಾಗಿ ಕೆಲಸ ಚಿಕ್ಕದಾದಾಗ ಮನಸ್ಸಿಗೆ ಆಗುವುದೇನು?

ಕೋಲಾರದ ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ನನ್ನ ಚಿಕ್ಕಮ್ಮನ ಮಗ ಬಯೋಡೇಟಾ ಟೈಪ್ ಮಾಡಿಸಲು ಕೂತಿದ್ದ. ಜೊತೆಗೆ ನಾನೂ ಇದ್ದೆ. ನರಸಾಪುರದ ಕಡೆ ಒಂದು ಕಾರ್ಖಾನೆಯ ಲೈನ್ ಕೆಲಸಕ್ಕೆ, ಅಂದರೆ ಸಾಲಾಗಿ ನಿಂತು ಬಿಡಿಭಾಗ ಜೋಡಿಸುವ ಕೆಲಸಕ್ಕೆ, ಜನ ಬೇಕಾಗಿದ್ದರು. ಆಳು ಸೇರಿಸುವ ಕಾಂಟ್ರಾಕ್ಟರ್ ಕಡೆಯವನು ಫೋನಿನಲ್ಲಿ ಹೇಳಿದ್ದು ನನಗೂ ಕೇಳಿಸಿತು: "ಡಿಗ್ರಿ ಹಾಕ್ಬೇಡ ಗುರು, ಪಿಯುಸಿ ವರೆಗೆ ಸಾಕು. ಜಾಸ್ತಿ ಓದಿದೋರು ಮೂರು ತಿಂಗಳಿಗೆ ಬಿಟ್ಟು ಓಡ್ತಾರೆ ಅಂತ ಒಳಗೆ ತಗೊಳಲ್ಲ."

ಟೈಪ್ ಮಾಡುತ್ತಿದ್ದ ಹುಡುಗಿ ಬ್ಯಾಕ್‌ಸ್ಪೇಸ್ ಒತ್ತಿದಳು. ಎಂ.ಎಸ್ಸಿ. ಕೆಮಿಸ್ಟ್ರಿ ಹೋಯಿತು, ಅದರ ಮೇಲಿದ್ದ ಬಿ.ಎಸ್ಸಿ. ಕೂಡ ಹೋಯಿತು. "ಈ ಐದು ವರ್ಷಕ್ಕೆ ಏನು ಹಾಕಲಿ?" ಅಂದಳು. "ವ್ಯವಸಾಯ ಅಂತ ಹಾಕಮ್ಮ" ಅಂದ ನಮ್ಮ ಹುಡುಗ. ಅವರ ಮನೆಗಿರುವುದು ಅರ್ಧ ಎಕರೆ, ಅದರಲ್ಲೂ ನೀಲಗಿರಿ ಮರ.

ಕೆಲಸ ಸಿಕ್ಕಿತು. ಒಂದು ವರ್ಷ ಕಳೆದ ಮೇಲೆ ಚಿಕ್ಕಮ್ಮ ಫೋನ್ ಮಾಡಿದರು. "ಮಾತೇ ಆಡ್ತಾ ಇಲ್ಲ ಕಣಪ್ಪ ಅವನು. ಸಂಬಳ ತಂದು ಕೊಡ್ತಾನೆ, ಉಣ್ತಾನೆ, ಮಲಗ್ತಾನೆ. ಏನಾಯ್ತು ಅಂದ್ರೆ ಏನೂ ಆಗಿಲ್ಲ ಅಂತಾನೆ."

ಈ "ಏನೂ ಆಗಿಲ್ಲ" ಎಂಬ ಮಾತಿನ ಒಳಗೆ ಏನಿರುತ್ತದೆ ಎಂದು ಅರ್ಥಶಾಸ್ತ್ರದವರೂ ಮನಃಶಾಸ್ತ್ರದವರೂ ಸುಮಾರು ಐವತ್ತು ವರ್ಷದಿಂದ ಕೆದಕುತ್ತಿದ್ದಾರೆ. ಅವರು ಕಂಡುಕೊಂಡದ್ದನ್ನು ನಮ್ಮ ಕಡೆಯ ಬದುಕಿನ ಪಕ್ಕದಲ್ಲಿಟ್ಟು ನೋಡುವುದು ಈ ಬರಹದ ಉದ್ದೇಶ.

ಸರ್ಕಾರದ ಲೆಕ್ಕದಲ್ಲಿ ಅವನಿಗೆ ಯಾವ ಸಮಸ್ಯೆಯೂ ಇಲ್ಲ. ಅವನು ಉದ್ಯೋಗಿ. 2024ರ ಜನವರಿಯಲ್ಲಿ ಶುರುವಾದ ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ಬರುವುದು ಕೆಲಸ ಇಲ್ಲದಿದ್ದರೆ ಮಾತ್ರ. ಯಾವುದೋ ಒಂದು ಕೆಲಸಕ್ಕೆ ಸೇರಿದವನು ಆ ಪಟ್ಟಿಯಲ್ಲೂ ಬರುವುದಿಲ್ಲ, ಓದಿಗೆ ತಕ್ಕ ಕೆಲಸ ಸಿಕ್ಕವರ ಪಟ್ಟಿಯಲ್ಲೂ ಇರುವುದಿಲ್ಲ. ಹಾಗಾದರೆ ಇಂಥ ಕೆಲಸಕ್ಕೆ ಯಾಕೆ ಹೋಗುತ್ತಾರೆ? ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2024ರಲ್ಲಿ ಹೊರತಂದ ಭಾರತದ ಉದ್ಯೋಗ ವರದಿಯಲ್ಲಿ ಉತ್ತರವಿದೆ. 2022ರಲ್ಲಿ ನಮ್ಮ ಯುವಜನರ ಪೈಕಿ ಓದು ಬರಹ ಬಾರದವರ ನಿರುದ್ಯೋಗ ಶೇ. 3.4 ಇದ್ದರೆ, ಪದವೀಧರರದು ಶೇ. 29.1. ಓದಿದಷ್ಟೂ ಕಾಯಬೇಕು, ಮತ್ತು ಕಾಯುವುದಕ್ಕೂ ದುಡ್ಡು ಬೇಕು. ಅದಿಲ್ಲದ ಮನೆಯ ಮಕ್ಕಳು ಸಿಕ್ಕ ಕಂಪನಿ ಬಸ್ಸು ಹತ್ತುತ್ತಾರೆ. 2015ರಲ್ಲಿ ಉತ್ತರ ಪ್ರದೇಶದಲ್ಲಿ 368 ಜವಾನರ ಹುದ್ದೆಗೆ 23 ಲಕ್ಷ ಅರ್ಜಿ ಬಿದ್ದದ್ದು ಸುದ್ದಿಯಾಗಿತ್ತು. ಅರ್ಜಿ ಹಾಕಿದವರಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಪಿಎಚ್.ಡಿ.ಗಳಿದ್ದರು. ನಾವದನ್ನು ಓದಿ ನಕ್ಕೆವು. ನಗಬಾರದಿತ್ತು ಅಂತ ಈಗನ್ನಿಸುತ್ತದೆ.

ಆ ಕಾಂಟ್ರಾಕ್ಟರ್ ಕಡೆಯವನ ತರ್ಕಕ್ಕೆ ಅಮೆರಿಕದಲ್ಲಿ ಕೋರ್ಟಿನ ಮುದ್ರೆಯೇ ಬಿದ್ದಿದೆ ಎನ್ನುವುದು ಸ್ವಲ್ಪ ವಿಚಿತ್ರದ ಸಂಗತಿ. ಅಲ್ಲಿನ ನ್ಯೂ ಲಂಡನ್ ಎಂಬ ಊರಿನಲ್ಲಿ ರಾಬರ್ಟ್ ಜೋರ್ಡನ್ ಎನ್ನುವವನು ಪೊಲೀಸ್ ಕೆಲಸಕ್ಕೆಂದು 1996ರಲ್ಲಿ ಬುದ್ಧಿಮತ್ತೆಯ ಪರೀಕ್ಷೆ ಬರೆದು 33 ಅಂಕ ತೆಗೆದ. ಇಲಾಖೆ ಸಂದರ್ಶನಕ್ಕೆ ಕರೆಯುತ್ತಿದ್ದದ್ದು 20ರಿಂದ 27ರ ಒಳಗೆ ಬಂದವರನ್ನು ಮಾತ್ರ. ತುಂಬಾ ಚುರುಕಿನವರು ಬೇಗ ಬೇಸತ್ತು ಬಿಟ್ಟು ಹೋಗುತ್ತಾರೆ, ತರಬೇತಿಯ ಖರ್ಚು ದಂಡವಾಗುತ್ತದೆ ಎಂಬುದು ಅವರ ವಾದ. ಜೋರ್ಡನ್ ಕೋರ್ಟಿಗೆ ಹೋಗಿ 2000ದಲ್ಲಿ ಮೇಲ್ಮನವಿಯಲ್ಲೂ ಸೋತ. ನರಸಾಪುರದ ಗೇಟಿನಲ್ಲಿ ಕೇಳಿಬರುವುದೂ ಅದೇ ವಾದ, ಭಾಷೆ ಬೇರೆ ಅಷ್ಟೆ.

ಈಗ ಮನಸ್ಸಿನ ವಿಷಯಕ್ಕೆ ಬರೋಣ. ಓದು ಹೆಚ್ಚು, ಕೆಲಸ ಕಡಿಮೆ ಎಂಬುದನ್ನು ಎರಡು ಬಗೆಯಲ್ಲಿ ಅಳೆಯಬಹುದು. ಒಂದು ಕಾಗದದ ಮೇಲಿನ ಅಳತೆ: ಕೆಲಸಕ್ಕೆ ಪಿಯುಸಿ ಸಾಕು, ನಿನ್ನ ಹತ್ತಿರ ಎಂ.ಎಸ್ಸಿ. ಇದೆ. ಅರ್ಥಶಾಸ್ತ್ರಜ್ಞರಿಗೆ ಬೇಕಾದದ್ದು ಇದು. ಅಮೆರಿಕದ ರಿಚರ್ಡ್ ಫ್ರೀಮನ್ 1976ರಲ್ಲಿ ಈ ಚರ್ಚೆ ಎಬ್ಬಿಸಿದಾಗ, ಇಷ್ಟೊಂದು ಪದವೀಧರರಿಗೆ ತಕ್ಕ ಕೆಲಸ ಎಲ್ಲಿದೆ ಎಂದು ಕೇಳಿದ್ದು ಈ ಅಳತೆಯಿಂದಲೇ. ಇನ್ನೊಂದು, ಕೆಲಸ ಮಾಡುವವನ ಒಳಗಿನ ಅಳತೆ: ನನ್ನ ತಿಳಿವಳಿಕೆ ಇಲ್ಲಿ ದಂಡ ಅಂತ ಅವನಿಗೆ ಅನ್ನಿಸುತ್ತಿದೆಯೇ? ಇವೆರಡೂ ಜೊತೆಜೊತೆಯಲ್ಲೇ ಇರುತ್ತವೆ ಅಂದುಕೊಂಡರೆ ತಪ್ಪು. ಎಂ.ಎ. ಮಾಡಿ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿಯಾಗಿ ನೆಮ್ಮದಿಯಿಂದ ಇರುವವರಿದ್ದಾರೆ. ಪಿಯುಸಿ ಮಾತ್ರ ಓದಿ, ಈ ಕೆಲಸ ನನ್ನ ಯೋಗ್ಯತೆಗೆ ಸಾಲದು ಎಂದು ಕುದಿಯುವವರೂ ಇದ್ದಾರೆ. ಮನಸ್ಸಿನ ಮೇಲೆ ಗಾಯ ಮಾಡುವುದು ಹೆಚ್ಚಾಗಿ ಎರಡನೆಯ ಅಳತೆ ಎಂದು ಸಂಶೋಧನೆಗಳು ಹೇಳುತ್ತ ಬಂದಿವೆ.

ಆ ಒಳಗಿನ ಅಳತೆಯಲ್ಲೂ ಸಂಶೋಧಕರು ಎರಡು ಎಳೆ ಬಿಡಿಸಿದರು. 1990ರ ದಶಕದಲ್ಲಿ ಅಮೆರಿಕದ ಅಂಚೆ ನೌಕರರ ನಡುವೆ ನಡೆದ ಅಧ್ಯಯನಗಳಲ್ಲಿ ಬಳಸಿದ್ದು ಈ ಎಳೆಗಳನ್ನೇ. ಮೊದಲನೆಯದು, "ನನಗೂ ಈ ಕೆಲಸಕ್ಕೂ ಹೊಂದುವುದಿಲ್ಲ" ಎಂಬ ಭಾವನೆ. ಎರಡನೆಯದು, "ಇಲ್ಲಿದ್ದರೆ ನಾನು ಬೆಳೆಯುವುದಿಲ್ಲ" ಎಂಬುದು. ಹೊಂದದಿದ್ದರೂ ಮುಂದೆ ದಾರಿ ಕಂಡರೆ ಜನ ಹಲ್ಲು ಕಚ್ಚಿ ಇರುತ್ತಾರೆ. ದಾರಿಯೂ ಕಾಣದಿದ್ದಾಗ ಹೊಂದದಿರುವುದು ದಿನಾ ಚುಚ್ಚುತ್ತದೆ. ಚಿಕ್ಕಮ್ಮನ ಮಗನನ್ನು ಕೇಳಿದೆ, ಯಾವುದು ಹೆಚ್ಚು ಕಾಡುತ್ತದೆ ಅಂತ. "ಸ್ಕ್ರೂ ಹಾಕೋದು ಬೇಜಾರಿಲ್ಲ ಅಣ್ಣ. ಹತ್ತು ವರ್ಷ ಆದ್ಮೇಲೂ ಅದೇ ಸ್ಕ್ರೂ ಹಾಕ್ತಿರ್ತೀನಲ್ಲ, ಅದು" ಅಂದ.

ಹೋಲಿಕೆಯ ವಿಷಯದಲ್ಲಿ ಸ್ವಲ್ಪ ನಿಧಾನಿಸಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಸ್ಯಾಮುಯೆಲ್ ಸ್ಟೌಫರ್ ಎಂಬ ಸಮಾಜಶಾಸ್ತ್ರಜ್ಞನ ತಂಡ ಅಮೆರಿಕದ ಸೈನಿಕರನ್ನು ಮಾತಾಡಿಸಿತು. ಅವರ ವರದಿ 1949ರಲ್ಲಿ ಬಂತು. ಅದರಲ್ಲೊಂದು ಒಗಟಿತ್ತು. ಮಿಲಿಟರಿ ಪೊಲೀಸರಿಗೆ ಬಡ್ತಿ ಸಿಗುವುದು ಅಪರೂಪ. ವಾಯುಪಡೆಯಲ್ಲಿ ಬಡ್ತಿ ಬೇಗ ಬೇಗ ಸಿಗುತ್ತಿತ್ತು. ಆದರೆ ಬಡ್ತಿಯ ಬಗ್ಗೆ ಹೆಚ್ಚು ಗೊಣಗುತ್ತಿದ್ದವರು ವಾಯುಪಡೆಯವರು. ಯಾಕೆಂದರೆ ಅಲ್ಲಿ ಬಡ್ತಿ ಸಿಗದವನ ಸುತ್ತ ಸಿಕ್ಕವರೇ ತುಂಬಿದ್ದರು. ಮಿಲಿಟರಿ ಪೊಲೀಸಿನಲ್ಲಿ ಸಿಗದವನಿಗೆ ಪಕ್ಕದವನೂ ಸಿಗದವನೇ. ಕೊರತೆಯ ನೋವು ಕೊರತೆಯ ಗಾತ್ರವನ್ನು ನೋಡಿ ಬರುವುದಿಲ್ಲ, ಪಕ್ಕದವನ ತಟ್ಟೆ ನೋಡಿ ಬರುತ್ತದೆ ಎಂಬ ವಿಚಾರ ಬೆಳೆದದ್ದು ಇಲ್ಲಿಂದ. ಫೇ ಕ್ರಾಸ್ಬಿ ಎಂಬ ಮನಃಶಾಸ್ತ್ರಜ್ಞೆ 1976ರಲ್ಲಿ ಇದನ್ನು ಇನ್ನಷ್ಟು ಬಿಡಿಸಿದರು. ಒಂದು ವಸ್ತು ಇಲ್ಲವೆಂದು ಮನಸ್ಸು ಕೆರಳಬೇಕಾದರೆ ಅದು ಇನ್ನೊಬ್ಬರ ಹತ್ತಿರ ಇರುವುದು ಕಾಣಬೇಕು, ನನಗೂ ಅದು ಬೇಕೆನ್ನಿಸಬೇಕು, ಅದಕ್ಕೆ ನಾನು ಯೋಗ್ಯ ಅನ್ನಿಸಬೇಕು, ಸಿಗಬಹುದಿತ್ತು ಅನ್ನಿಸಬೇಕು, ಸಿಗದಿರುವುದಕ್ಕೆ ತಪ್ಪು ನನ್ನದಲ್ಲ ಅಂತಲೂ ಅನ್ನಿಸಬೇಕು.

ಆ ಕೊನೆಯ ಷರತ್ತು ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ತಪ್ಪು ನನ್ನದಲ್ಲ ಅನ್ನಿಸಿದವನಿಗೆ ಸಿಟ್ಟು ಬರುತ್ತದೆ. ಸಿಟ್ಟಿಗೆ ಹೊರದಾರಿ ಇರುತ್ತದೆ: ಬೈಯುತ್ತಾನೆ, ಸಂಘ ಸೇರುತ್ತಾನೆ, ಕೆಲಸ ಬದಲಾಯಿಸುತ್ತಾನೆ. ತಪ್ಪು ನನ್ನದೇ ಅಂದುಕೊಂಡವನಿಗೆ ಆ ದಾರಿಯೂ ಇಲ್ಲ. ಸಿಟ್ಟು ಒಳಕ್ಕೆ ತಿರುಗಿ ಮೌನವಾಗುತ್ತದೆ. ನಮ್ಮ ಮನೆಗಳಲ್ಲಿ ಈ ಎರಡನೆಯದನ್ನು ನಾವೇ ಕೈಯಾರೆ ಕಲಿಸುತ್ತೇವೆ. "ಇಂಗ್ಲಿಷ್ ಸರಿಯಾಗಿ ಕಲೀಲಿಲ್ಲ ನೀನು", "ಬಿ.ಎಡ್. ಮಾಡು ಅಂದೆ, ಕೇಳಿದ್ಯಾ?" ಎಂದು. ಊರಲ್ಲೊಂದು ಗಾದೆ ಬೇರೆ ಸಿದ್ಧವಾಗಿದೆ, ಓದು ಒಕ್ಕಾಲು ಬುದ್ಧಿ ಮುಕ್ಕಾಲು. ಕೆಲಸ ಸಿಗದವನ ಕಿವಿಗೆ ಅದು ಹೇಗೆ ಬೀಳುತ್ತದೆ ಎಂದು ಯಾರೂ ಯೋಚಿಸುವುದಿಲ್ಲ.

ನಮ್ಮ ಜಿಲ್ಲೆಯ ಕಷ್ಟವೆಂದರೆ ಬೆಂಗಳೂರು ಕಣ್ಣಳತೆಯಲ್ಲಿದೆ. ಎಪ್ಪತ್ತು ಕಿಲೋಮೀಟರಿನಾಚೆ, ಇವನ ಜೊತೆ ಒಂದೇ ಬೆಂಚಿನಲ್ಲಿ ಕೂತವನು ಔಷಧ ಕಂಪನಿಯ ಲ್ಯಾಬಿನಲ್ಲಿದ್ದಾನೆ. ಅವನ ವಾಟ್ಸಾಪ್ ಸ್ಟೇಟಸ್ಸು ಪ್ರತಿ ಶನಿವಾರ ಇವನ ಫೋನಿಗೆ ಬಂದು ಬೀಳುತ್ತದೆ. ದೂರದ ಊರಾಗಿದ್ದರೆ ಸಿಗಬಹುದಿತ್ತು ಎಂಬ ಭಾವನೆ ಇಷ್ಟು ಗಟ್ಟಿಯಾಗುತ್ತಿರಲಿಲ್ಲವೇನೋ.

ಕೆಜಿಎಫ್ ಕಡೆಯವರನ್ನು ನೆನೆದರೆ ಇದರ ಇನ್ನೊಂದು ಮುಖ ಕಾಣುತ್ತದೆ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ನೆಲದೊಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಇಳಿದು ಬಂಡೆಯ ಸದ್ದಿನಲ್ಲೇ ಅಪಾಯ ಗುರುತಿಸುತ್ತಿದ್ದವರು ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ಸೆಕ್ಯುರಿಟಿಗಳಾದರು. ಅವರ ಹತ್ತಿರ ಡಿಗ್ರಿ ಇರಲಿಲ್ಲ, ಆದರೆ ಇದ್ದ ಕಸುಬಿಗೂ ಸಿಕ್ಕ ಕುರ್ಚಿಗೂ ಸಂಬಂಧವೇ ಇರಲಿಲ್ಲ. ಅರ್ಹತೆ ಹೆಚ್ಚಾಗುವುದು ಕಾಲೇಜಿನಿಂದಲೇ ಆಗಬೇಕೆಂದಿಲ್ಲ ಎನ್ನಲು ಇದಕ್ಕಿಂತ ಉದಾಹರಣೆ ಬೇಡ. ಆದರೆ ಮಾರಿಕುಪ್ಪಂನಿಂದ ಬೆಳಗ್ಗೆ ಹೊರಡುವ ರೈಲಿನಲ್ಲಿ ಅವರ ಜೊತೆ ನಾನು ಕೆಲವು ತಿಂಗಳು ಓಡಾಡಿದ್ದೇನೆ. ಬೋಗಿ ತುಂಬ ಅಂಥವರೇ. ಇಸ್ಪೀಟು, ಜಗಳ, ತಮಿಳು ತಮಾಷೆ, ಹಳೆಯ ಶಾಫ್ಟಿನ ಕಥೆಗಳು. ಯಾರೂ ಯಾರಿಗೂ ತಾನು ಮೊದಲು ಏನಾಗಿದ್ದೆ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. 2015ರಲ್ಲಿ ಜಿಯಾ ಹು ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದು ಹೇಳಿದ್ದೂ ಇದಕ್ಕೆ ಹತ್ತಿರದ್ದೇ. ತನ್ನ ತಂಡದಲ್ಲಿ ಇತರರೂ ತನ್ನಂತೆ ಹೆಚ್ಚು ಅರ್ಹತೆಯವರಿದ್ದರೆ, ತನ್ನ ಕೆಲಸ ಅರ್ಥವಿಲ್ಲದ್ದು ಎಂದು ಆ ವ್ಯಕ್ತಿಗೆ ಅಷ್ಟಾಗಿ ಅನ್ನಿಸುವುದಿಲ್ಲ. ನನ್ನ ಚಿಕ್ಕಮ್ಮನ ಮಗನ ಲೈನಿನಲ್ಲೂ ಡಿಗ್ರಿಯವರು ಇನ್ನೂ ಮೂರ್ನಾಲ್ಕು ಜನ ಇರಬಹುದು. ಆದರೆ ಎಲ್ಲರೂ ಬಯೋಡೇಟಾದಲ್ಲಿ ಅಳಿಸಿಕೊಂಡೇ ಬಂದಿದ್ದರೆ ಒಬ್ಬರಿಗೊಬ್ಬರು ಗೊತ್ತಾಗುವುದು ಹೇಗೆ? ಅವನ ಕಷ್ಟದ ಅರ್ಧ ಭಾಗ ಈ ಮುಚ್ಚಿಡುವುದರಲ್ಲೇ ಇದೆ ಎಂಬುದು ನನ್ನ ಅನಿಸಿಕೆ. ಟೀ ಬ್ರೇಕಿನಲ್ಲಿ ಯಾರೋ ಬ್ಯಾಟರಿಯ ಬಗ್ಗೆ ತಪ್ಪು ಹೇಳಿದರೆ ತಿದ್ದಲು ಬಾಯಿ ಬರುತ್ತದಂತೆ, ತಡೆದುಕೊಳ್ಳುತ್ತಾನಂತೆ.

ಇನ್ನು "ಕೆಲಸ ಮಾಡ್ಕೊಂಡೇ ಪರೀಕ್ಷೆಗೆ ಓದ್ಕೊ" ಎಂಬ ಸಲಹೆ. ನಾನೂ ಕೊಟ್ಟಿದ್ದೇನೆ. ಅದು ಯಾಕೆ ಸಾಗುವುದಿಲ್ಲ ಎಂದು ರಾಬರ್ಟ್ ಕರಾಸೆಕ್ 1979ರಲ್ಲಿ ಮಂಡಿಸಿದ ಮಾದರಿ ನೋಡಿದ ಮೇಲೆ ತಿಳಿಯಿತು. ಸ್ವೀಡನ್ ಮತ್ತು ಅಮೆರಿಕದ ನೌಕರರ ಸಮೀಕ್ಷೆಗಳನ್ನಿಟ್ಟುಕೊಂಡು ಅವನು ಕೆಲಸವನ್ನು ಎರಡು ಪ್ರಶ್ನೆಗಳಿಂದ ಅಳೆದ: ಕೆಲಸ ನಿನ್ನಿಂದ ಎಷ್ಟು ಕೇಳುತ್ತದೆ? ಅದನ್ನು ಹೇಗೆ ಮಾಡಬೇಕೆಂದು ತೀರ್ಮಾನಿಸುವ ಅಧಿಕಾರ ನಿನಗೆಷ್ಟಿದೆ? ಒತ್ತಡ ಜಾಸ್ತಿ, ಅಧಿಕಾರ ಕಡಿಮೆ ಇದ್ದ ಕಡೆ ಆಯಾಸ ಮತ್ತು ಖಿನ್ನತೆಯ ಲಕ್ಷಣಗಳು ಹೆಚ್ಚು. ಲೈನಿನ ಕೆಲಸ ಇಲ್ಲೇ ಬರುತ್ತದೆ. ಕೈಗೆ ಬಿಡುವಿಲ್ಲ, ತಲೆಗೆ ಕೆಲಸವಿಲ್ಲ, ಬಾತ್‌ರೂಮಿಗೆ ಹೋಗಬೇಕಾದರೂ ಲೈನ್ ಲೀಡರನ್ನು ಕೇಳಬೇಕು. ಒತ್ತಡ, ಅಧಿಕಾರ ಎರಡೂ ಕಡಿಮೆ ಇರುವ ಕೆಲಸಗಳನ್ನು ಅವನು ಜಡ ಕೆಲಸಗಳ ಗುಂಪಿಗೆ ಹಾಕಿದ. ಅಂಥ ಕೆಲಸದಲ್ಲಿರುವವರ ಜಡತ್ವ ಗೇಟಿನಲ್ಲೇ ಉಳಿಯುವುದಿಲ್ಲ, ಬಿಡುವಿನ ವೇಳೆಗೂ ಹಿಂಬಾಲಿಸುತ್ತದೆ ಎಂಬುದು ಅವನ ಮಾತಿನ ಸಾರ. ಲೈನಿನಲ್ಲಿ ಕೈಗೆ ಒತ್ತಡವಿದ್ದರೂ ತಲೆಯ ಮಟ್ಟಿಗೆ ಅದೂ ಜಡ ಕೆಲಸವೇ. ದಿನವಿಡೀ ಖಾಲಿ ಕೂತ ತಲೆ ಸಂಜೆ ಚುರುಕಾಗಿ ಏಳುತ್ತದೆ ಎಂದು ನಾವು ಲೆಕ್ಕ ಹಾಕುತ್ತೇವೆ. ಅದು ರೀಲ್ಸ್ ನೋಡುತ್ತಾ ಮಲಗುತ್ತದೆ. ಮೆಲ್ವಿನ್ ಕೋನ್, ಕಾರ್ಮಿ ಸ್ಕೂಲರ್ ಎಂಬಿಬ್ಬರು ಒಂದೇ ಗುಂಪಿನ ಜನರನ್ನು ಹತ್ತು ವರ್ಷದ ಅಂತರದಲ್ಲಿ ಎರಡು ಸಲ ಮಾತಾಡಿಸಿ 1978ರಲ್ಲಿ ಬರೆದದ್ದು ಇನ್ನೂ ಗಂಭೀರ. ಜಟಿಲ ಕೆಲಸ ಮಾಡುವವರ ಬುದ್ಧಿ ಕಾಲಕ್ರಮದಲ್ಲಿ ಹೆಚ್ಚು ಮಣಿಯುವ, ಹೊರಳುವ ಶಕ್ತಿ ಪಡೆಯುತ್ತದೆ. ಸರಳ, ಒಂದೇ ಬಗೆಯ ಕೆಲಸ ಅದನ್ನು ಕುಗ್ಗಿಸುತ್ತದೆ. ಹಾಗಾಗಿ ಎಂ.ಎಸ್ಸಿ. ಎಂಬುದು ಬೀರುವಿನಲ್ಲಿಟ್ಟ ಚಿನ್ನದಂತೆ ಹಾಗೇ ಇರುತ್ತದೆ ಅಂದುಕೊಳ್ಳುವ ಹಾಗಿಲ್ಲ. ಬಳಸದೆ ಬಿಟ್ಟ ಬೋರ್‌ವೆಲ್ ಮೋಟಾರಿನಂತೆ ಅದು ಹಿಡಿದುಕೊಳ್ಳುತ್ತದೆ.

"ಏನೋ ಒಂದು ಕೆಲಸ ಇದೆಯಲ್ಲ, ಸುಮ್ನೆ ಇರೋದಕ್ಕಿಂತ ವಾಸಿ" ಎನ್ನುವವರಿಗೂ ಒಂದು ಮಾತು. ಸಾಮಾನ್ಯವಾಗಿ ಇದು ನಿಜ, ನಿರುದ್ಯೋಗ ಮನಸ್ಸನ್ನು ಕೆಡಿಸುತ್ತದೆ ಎನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಆಸ್ಟ್ರೇಲಿಯಾದಲ್ಲಿ ಪೀಟರ್ ಬಟರ್‌ವರ್ತ್ ತಂಡ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒತ್ತಡ ಹೆಚ್ಚಿದ್ದು, ಸ್ವಾತಂತ್ರ್ಯವಾಗಲಿ ಭದ್ರತೆಯಾಗಲಿ ಇಲ್ಲದ ತೀರಾ ಕೆಟ್ಟ ಕೆಲಸಗಳಲ್ಲಿದ್ದವರ ಮಾನಸಿಕ ಆರೋಗ್ಯ ನಿರುದ್ಯೋಗಿಗಳದಕ್ಕಿಂತ ಉತ್ತಮವಾಗೇನೂ ಇರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ ಬೇಕು. ಈ ಅಧ್ಯಯನಗಳಲ್ಲಿ ಹಲವು ಒಂದೇ ಹೊತ್ತಿನಲ್ಲಿ ಕೇಳಿದ ಪ್ರಶ್ನೆಗಳ ಮೇಲೆ ನಿಂತಿವೆ. ಕೆಲಸ ಚಿಕ್ಕದಾದ್ದರಿಂದ ಮನಸ್ಸು ಕುಗ್ಗಿತೇ, ಮನಸ್ಸು ಮೊದಲೇ ಕುಗ್ಗಿದ್ದರಿಂದ ಕೆಲಸ ಚಿಕ್ಕದಾಗಿ ಕಂಡಿತೇ ಎಂದು ಬಿಡಿಸುವುದು ಸುಲಭವಲ್ಲ. ತನ್ನ ಬಗ್ಗೆ ಅತಿಯಾದ ಹೆಮ್ಮೆ ಇರುವವರಿಗೆ ಯಾವ ಕೆಲಸವೂ ಚಿಕ್ಕದಾಗಿಯೇ ಕಾಣುತ್ತದೆ ಎಂಬುದೂ ಇದೆ. ನಮ್ಮ ಹುಡುಗ ಅಂಥವನಲ್ಲ, ಆದರೆ ಅಂಥವರನ್ನೂ ಕಂಡಿದ್ದೇನೆ.

ಓದು ಹೆಚ್ಚಾದ ಎಲ್ಲರೂ ಕುಗ್ಗುವುದೂ ಇಲ್ಲ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿಯೊಂದರ ರೈಟರ್ ಒಬ್ಬನ ಪರಿಚಯ ನನಗಿದೆ. ಎಂ.ಕಾಂ. ಮಾಡಿದ್ದಾನೆ. ಹರಾಜಿನಲ್ಲಿ ಹದಿನೈದು ಕೆಜಿಯ ಬಾಕ್ಸು ಎಷ್ಟಕ್ಕೆ ಹೋಯಿತು, ಯಾವ ರೈತನದು, ಯಾರು ಕೂಗಿದರು ಎಂದು ಬರೆಯುವ ಕೆಲಸಕ್ಕೆ ಎಸ್ಸೆಸ್ಸೆಲ್ಸಿಯೂ ಬೇಡ. 2023ರ ಜುಲೈನಲ್ಲಿ ಬಾಕ್ಸಿಗೆ ಎರಡು ಸಾವಿರ ದಾಟಿದಾಗ ಮಂಡಿಯವರಿಗೆ ಲೆಕ್ಕ ಹಿಡಿಯಲು ಆಗಲಿಲ್ಲ. ಇವನು ಎಕ್ಸೆಲ್ಲಿಗೆ ಹಾಕಿಕೊಟ್ಟ. ಅಂದಿನಿಂದ ಮಂಡಿಯ ಯಜಮಾನರು ಬ್ಯಾಂಕಿನ ಕೆಲಸ, ಆಡಿಟರ ಹತ್ತಿರ ಓಡಾಡುವುದು ಎಲ್ಲ ಇವನಿಗೇ ಬಿಟ್ಟಿದ್ದಾರೆ. ಸಂಬಳ ಅಷ್ಟೇನೂ ಏರಿಲ್ಲ. ಆದರೂ ಅವನ ಮುಖದಲ್ಲಿ ನಮ್ಮ ಹುಡುಗನ ಕಳೆಗುಂದಿದ ನೋಟ ಇಲ್ಲ. ಟರ್ಕಿಯ ಬಟ್ಟೆ ಅಂಗಡಿಗಳ ನೌಕರರ ಮೇಲೆ ಎರ್ದೊಗಾನ್ ಮತ್ತು ಬಾಯರ್ 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಹೆಚ್ಚು ಅರ್ಹತೆಯ ನೌಕರರ ಮಾರಾಟ ಚೆನ್ನಾಗಿಯೇ ಇತ್ತು, ಅತೃಪ್ತಿಯೂ ಇತ್ತು. ತಮ್ಮ ಕೆಲಸದಲ್ಲಿ ತೀರ್ಮಾನ ತೆಗೆದುಕೊಳ್ಳುವ ಸ್ವಾತಂತ್ರ್ಯ ಇದೆ ಎಂದುಕೊಂಡವರಲ್ಲಿ ಆ ಅತೃಪ್ತಿ ಬಹಳ ಮಟ್ಟಿಗೆ ತಗ್ಗಿತ್ತು.

ಕೆಲಸವನ್ನು ಒಳಗಿನಿಂದಲೇ ಅಷ್ಟಿಷ್ಟು ತನ್ನಂತೆ ತಿದ್ದಿಕೊಳ್ಳುವುದರ ಬಗ್ಗೆ ಎಮಿ ವ್ರೆಸ್ನೆವ್‌ಸ್ಕಿ, ಜೇನ್ ಡಟನ್ 2001ರಲ್ಲಿ ಬರೆದರು. ಆಸ್ಪತ್ರೆಯ ಕಸ ಗುಡಿಸುವವರಲ್ಲಿ ಕೆಲವರು ರೋಗಿಗಳನ್ನು ವಿಚಾರಿಸಿಕೊಳ್ಳುವುದನ್ನೂ ತಮ್ಮ ಕೆಲಸದ ಭಾಗ ಮಾಡಿಕೊಂಡಿದ್ದರು, ಅವರ ಪಾಲಿಗೆ ಕೆಲಸದ ಅರ್ಥವೇ ಬೇರೆಯಾಗಿತ್ತು. ಚೆಂದದ ಮಾತು. ಆದರೆ ಸೆಕೆಂಡುಗಳ ಲೆಕ್ಕದಲ್ಲಿ ಓಡುವ ಲೈನಿನ ಮುಂದೆ ನಿಂತವನಿಗೆ ಇದನ್ನು ಹೇಳುವಾಗ ನಾಚಿಕೆ ಇರಬೇಕು. ತಿದ್ದಿಕೊಳ್ಳಲು ಜಾಗವಿದ್ದ ಕಡೆ ತಿದ್ದಿಕೊಳ್ಳಬಹುದು, ಜಾಗ ಮಾಡಿಕೊಡಬೇಕಾದವರು ಮಾಲೀಕರು.

ಮನೆಯವರಿಂದ ಆಗುವುದು ಒಂದಿಷ್ಟಿದೆ. ಬೆಂಗಳೂರಿನ ಸೋದರಮಾವನ ಮಗನ ಸಂಬಳದ ಸುದ್ದಿ ಊಟದ ಹೊತ್ತಿನಲ್ಲಿ ಬೇಡ. ಬೇಸರವನ್ನು ಸೋಮಾರಿತನ ಎನ್ನುವುದು ಬೇಡ. ಎಷ್ಟು ದಿನ ಈ ಕೆಲಸ, ಅಷ್ಟರೊಳಗೆ ಎಲ್ಲೆಲ್ಲಿ ಅರ್ಜಿ ಎಂದು ಕೂತು ಮಾತಾಡಿಕೊಂಡರೆ "ಇಲ್ಲಿ ಬೆಳೆಯುವುದಿಲ್ಲ" ಎಂಬ ಎಳೆ ಸ್ವಲ್ಪ ಸಡಿಲವಾಗುತ್ತದೆ. ಆದರೆ ಎರಡು ವಾರಕ್ಕೂ ಮಿಕ್ಕಿ ದಿನದ ಹೆಚ್ಚು ಹೊತ್ತು ಮನಸ್ಸು ಭಾರವಿದ್ದು, ಮೊದಲು ಇಷ್ಟಪಡುತ್ತಿದ್ದದ್ದು ಬೇಡವಾಗಿ, ನಿದ್ದೆ ಊಟ ಏರುಪೇರಾಗಿ, ತಾನು ಇದ್ದರೇನು ಇಲ್ಲದಿದ್ದರೇನು ಎಂಬ ಮಾತು ಬಂದರೆ ಅದು ಕೆಲಸದ ಬೇಸರದ ಗಡಿ ದಾಟಿದೆ ಎಂದು ತಿಳಿದು ವೈದ್ಯರನ್ನು ಕಾಣಬೇಕು. ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಊರಲ್ಲೇ ಇದೆ. ಹೊರಗೆ ಹೋಗಲು ಸಂಕೋಚವಾದರೆ 14416ಕ್ಕೆ ಫೋನ್ ಮಾಡಬಹುದು. ಅದು 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸೇವೆ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಚಿಕ್ಕಮ್ಮನ ಮಗ ಎರಡು ಸಲ ಮಾಡಿದ್ದಾನೆ, ನೈಟ್ ಶಿಫ್ಟ್ ಮುಗಿಸಿ ಬಂದು, ತಾರಸಿಯ ಮೇಲೆ ನಿಂತು.

ಕಳೆದ ತಿಂಗಳು ಅವನಿಂದ ಫೋನ್ ಬಂತು. ಅದೇ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗಕ್ಕೆ ಜನ ಬೇಕಂತೆ, ಒಳಗಿನವರಿಗೇ ಮೊದಲ ಅವಕಾಶ, ಕೆಮಿಸ್ಟ್ರಿ ಓದಿರಬೇಕು. ನೋಟಿಸು ಬೋರ್ಡಿನಲ್ಲಿ ಹಾಕಿದ್ದಾರೆ.

"ಈಗ ಹೇಳಿದ್ರೆ ಮೊದ್ಲೇ ಯಾಕೆ ಸುಳ್ಳು ಬರೆದೆ ಅಂತ ಇರೋ ಕೆಲಸಾನೂ ತೆಗೆದ್ರೆ, ಅಣ್ಣ?"

ಸೂಪರ್‌ವೈಸರ್ ಒಳ್ಳೆಯವನಾಗಿದ್ದರೆ ಅವನ ಕಿವಿಗೆ ಮೊದಲು ಹಾಕು ಅಂದೆ. ನನಗೆ ತೋಚಿದ್ದು ಅಷ್ಟೇ. ಕೊನೆಯ ದಿನಾಂಕಕ್ಕೆ ಇನ್ನೂ ಒಂಬತ್ತು ದಿನ ಇದೆ ಅಂದ. ಮಾರ್ಕ್ಸ್ ಕಾರ್ಡುಗಳನ್ನು ಬೀರುವಿನಿಂದ ತೆಗೆದು ಜೆರಾಕ್ಸ್ ಮಾಡಿಸಿಟ್ಟುಕೊಂಡಿದ್ದಾನಂತೆ.